ಮಾಟುಂಗಕ್ಕೆ ಹೋದ ಕೈಚೀಲ

ಎರಡು ಗಿಡ್ಡ, ಒಂದು ಉದ್ದ. ಬೆಳಿಗ್ಗೆ ಏಳೂಕಾಲಿಗೆ ಸಂಸೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಹಾಗೆ ಕೂಗಿದರೆ ಮೂಕಾಂಬಿಕಮ್ಮನ ಹತ್ತಿರ ಇಳಿಸುವ ಸಾಮಾನಿದೆ ಎಂದು ಅರ್ಥ. ಬರೀ ಒಂದು ಉದ್ದವಾದರೆ ಜನ ಮಾತ್ರ. ದೋಸೆ ಕಾವಲಿಯ ಮೇಲಿದ್ದರೂ ಸರಿ, ಅವರು ಸೌಟು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆಗೆ ಬರುತ್ತಿದ್ದರು.

ಗಂಡ ಚನ್ನಕೇಶವಯ್ಯನದು ಬಸ್ ನಿಲ್ಲುವ ಜಾಗದಲ್ಲೇ ಹಿಟ್ಟಿನ ಗಿರಣಿ. ಅದರ ಜಗಲಿಯೇ ಊರಿನ ಸಾಮಾನುಕಟ್ಟೆ. ಕಳಸದ ಟೈಲರ್ ಹೊಲಿದ ರವಿಕೆ, ಡಾಕ್ಟರು ಬರೆದುಕೊಟ್ಟ ಔಷಧಿ, ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಬೇಕಾದ ಬೆಲ್ಟು, ಮದುವೆಯ ಕಾಗದದ ಕಟ್ಟು, ಒಮ್ಮೆ ಒಂದು ಜೀವಂತ ಹುಂಜ, ಎಲ್ಲವೂ ಯಾರೂ ಜೊತೆಗಿಲ್ಲದೆ ತಾವೇ ಬಸ್ಸಿನಲ್ಲಿ ಕೂತು ಬರುತ್ತಿದ್ದವು. ಆ ಕಡೆ ಒಬ್ಬರು ಡ್ರೈವರನ ಕೈಗೆ ಕೊಡುವುದು, ಈ ಕಡೆ ಒಬ್ಬರು ತೆಗೆದುಕೊಳ್ಳುವುದು. ಚೀಟಿ ಇಲ್ಲ, ರಶೀದಿ ಇಲ್ಲ. ಮಂಜು ಮುಸುಕಿದ ದಿನ ಡ್ರೈವರ್ ಮರೆತು ಮುಂದೆ ಹೋದರೆ, ಮುಂದಿನ ಸ್ಟಾಪಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದ. ಎದುರಿನಿಂದ ಬರುವ ಬಸ್ಸು ಅದನ್ನು ತಿರುಗಿ ತರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೂಕಾಂಬಿಕಮ್ಮನ ಕೈಯಿಂದ ತಪ್ಪಿದ್ದು ಒಂದೇ ಒಂದು ಜೇನಿನ ಬಾಟಲಿ. ಅದೂ ತಪ್ಪಿದ್ದಲ್ಲ, ಒಡೆದದ್ದು. ಇರುವೆಗಳು ಎರಡು ದಿನ ಜಗಲಿ ಬಿಟ್ಟು ಕದಲಿರಲಿಲ್ಲ.

ಇಂಥ ಮೂಕಾಂಬಿಕಮ್ಮ ಕೊಂಕಣ ರೈಲು ಶುರುವಾದ ಮರುವರ್ಷ, ಫೆಬ್ರವರಿಯಲ್ಲಿ, ಅಣ್ಣ ಜನಾರ್ದನ ಮೇಷ್ಟ್ರ ಜೊತೆ ಮುಂಬೈಗೆ ಹೋದರು. ಮೇಷ್ಟ್ರು ಕಳಸದ ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಹಳಗನ್ನಡದ ಪದ್ಯವನ್ನು ರಾಗವಾಗಿ ಓದುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಅವರ ಹೆಸರು. ಮಾಟುಂಗದಲ್ಲಿ ಕನ್ನಡಿಗರ ಸಂಘವೊಂದು ಅವರನ್ನು ಕರೆದಿತ್ತು. ಅರವತ್ತೆಂಟರ ವಯಸ್ಸಿನಲ್ಲಿ ಘಟ್ಟದಾಚೆಯಿಂದ ಬಂದ ಮೊದಲ ಕರೆ. ಆ ಕಾಗದವನ್ನು ಅವರು ಮಡಿಸಿ ಮಡಿಸಿ, ಅದು ಮಡಿಕೆಯಲ್ಲೇ ಹರಿದುಹೋಗಿತ್ತು.

ಇಳಿದುಕೊಂಡದ್ದು ಡೊಂಬಿವಲಿಯಲ್ಲಿ, ತಂಗಿಯ ಮಗ ಅಜಿತನ ಮನೆಯಲ್ಲಿ. ಅವನು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ. ಬಂದ ಮರುದಿನವೇ ದೊಡ್ಡಮ್ಮನಿಗೆ ಊರು ತೋರಿಸುತ್ತೇನೆಂದು ಲೋಕಲ್ ಗಾಡಿ ಹತ್ತಿಸಿದ. ದಾದರಿನಲ್ಲಿ ಅವರು ಇಳಿದದ್ದಲ್ಲ, ಜನ ಅವರನ್ನು ಇಳಿಸಿದ್ದು. ಬಲಗಾಲಿನ ಚಪ್ಪಲಿ ಗಾಡಿಯಲ್ಲೇ ಮುಂದಕ್ಕೆ ಹೋಯಿತು.

"ಇನ್ನು ನನ್ನನ್ನ ಆ ಗಾಡಿಗೆ ಹತ್ತಿಸ್ಬೇಡ ಮಾರಾಯ," ಎಂದರು ಮೂಕಾಂಬಿಕಮ್ಮ, ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು. "ಅಣ್ಣನ ಓದು ನಾನು ಐವತ್ತು ವರ್ಷದಿಂದ ಕೇಳಿದ್ದೀನಿ. ಶನಿವಾರ ನೀವಿಬ್ಬರೇ ಹೋಗಿ. ನಾನು ಮನೇಲಿ ನೀರುದೋಸೆಗೆ ಅಕ್ಕಿ ನೆನೆಸ್ತೀನಿ."

ಶನಿವಾರ ಎರಡು ಗಂಟೆಗೆ ಮಾವ ಅಳಿಯ ಹೊರಟರು. ಕಾರ್ಯಕ್ರಮ ಐದೂವರೆಗೆ. ಮೇಷ್ಟ್ರು ಇಸ್ತ್ರಿಯ ಜುಬ್ಬ ಹಾಕಿ, ಶಾಲು ಹೊದ್ದು, ಬಾಯಿ ಮುಚ್ಚಿಕೊಂಡು ತಲೆಯಾಡಿಸಿ ಹೋದರು. ವಾಹನ ಹತ್ತುವ ಮೊದಲು ಅವರು ಮಾತು ನಿಲ್ಲಿಸುವುದು ಹೊಸದಲ್ಲ. ಏಕೆಂದರೆ ಹತ್ತುವ ಮೊದಲು ಹಲ್ಲಿನ ಸೆಟ್ಟು ತೆಗೆದುಬಿಡುತ್ತಿದ್ದರು. ಅವರ ಮೊದಲನೇ ಸೆಟ್ಟು ಮಾಳದ ಘಾಟಿಯ ಏಳನೇ ತಿರುವಿನಲ್ಲಿ, ಬಸ್ಸಿನ ಕಿಟಕಿಯಾಚೆ ತಲೆ ಹಾಕಿ ವಾಂತಿ ಮಾಡುವಾಗ, ಕಾಡಿನ ಪಾಲಾಗಿತ್ತು. ಅಲ್ಲಿಂದೀಚೆಗೆ ಗಾಲಿ ಇರುವ ಯಾವುದನ್ನು ಹತ್ತುವುದಾದರೂ ಸರಿ, ಹಲ್ಲು ನೀಲಿ ಸೋಪಿನ ಡಬ್ಬಿಯೊಳಗೆ, ಡಬ್ಬಿ ಜುಬ್ಬದ ಜೇಬಿನೊಳಗೆ. ಮುಂಬೈಯ ಗಾಡಿಗೆ ತಿರುವೇ ಇಲ್ಲ ಎಂದು ಅಜಿತ ಎಷ್ಟು ಹೇಳಿದರೂ ಅವರು ಕೇಳಿರಲಿಲ್ಲ.

ಎರಡೂ ಮುಕ್ಕಾಲಿಗೆ ಬಾಗಿಲ ಬಳಿ ಕಸ ಗುಡಿಸುವಾಗ ಮೂಕಾಂಬಿಕಮ್ಮನಿಗೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ನೀಲಿ ಸೋಪಿನ ಡಬ್ಬಿ ಕಂಡಿತು. ಪೊರಕೆ ಕೈಯಿಂದ ಜಾರಿತು. ಅಲ್ಲಾಡಿಸಿ ನೋಡಿದರು. ಒಳಗಿಂದ ಕಟಕಟ ಎಂದಿತು.

ಹಲ್ಲಿಲ್ಲದ ಅಣ್ಣ ಒಬ್ಬ ಒಳ್ಳೆಯ ಮುದುಕ, ಅಷ್ಟೆ. ಪದ್ಯ ಓದುವ ಮೇಷ್ಟ್ರಲ್ಲ. ಬಾಯಿಂದ ಬರುವುದರಲ್ಲಿ ಅರ್ಧ ಗಾಳಿ. ಮುನ್ನೂರು ಜನರ ಮುಂದೆ ಆ ಗಾಳಿ ಹೊರಡುವುದನ್ನು ನೆನೆದದ್ದೇ ಅವರು ಫೋನಿನ ಹತ್ತಿರ ಓಡಿದರು. ಕರೆಯೋಲೆಯಲ್ಲಿದ್ದ ಸಂಘದ ನಂಬರಿಗೆ ಫೋನು ಹಚ್ಚಿದರು. ಬರೀ ರಿಂಗಾಯಿತು. ಇನ್ನೊಮ್ಮೆ ಹಚ್ಚಿದರು. ಆಗಲೂ ಅದೇ.

ಫೋನು ಕೆಳಗಿಡುವಷ್ಟರಲ್ಲಿ ದಾರಿ ತಾನಾಗಿ ಹೊಳೆಯಿತು. ಗಾಡಿಗೆ ಕೊಟ್ಟು ಕಳಿಸಿದರಾಯಿತು! ಡಬ್ಬಿಯನ್ನು ಕೈಚೀಲಕ್ಕೆ ಹಾಕಿದರು. ಒಂದು ಹಾಳೆಯಲ್ಲಿ ದುಂಡಗೆ ಬರೆದರು: "ಜನಾರ್ದನ ಮೇಷ್ಟ್ರಿಗೆ. ಕನ್ನಡ ಸಂಘ, ಮಾಟುಂಗ." ಚೀಲದ ಬಾಯಿಗೆ ದಾರ ಕಟ್ಟಿ, ಮನೆಗೆ ಬೀಗ ಹಾಕಿ, ಸ್ಟೇಷನ್ನಿಗೆ ದಾಪುಗಾಲು ಹಾಕಿದರು.

ಗಾಡಿಯೊಂದು ಆಗಷ್ಟೇ ಬಂದು ನಿಂತಿತ್ತು. ಕೊನೆಯ ಬೋಗಿಯ ಗಾರ್ಡಿನ ಮುಂದೆ ಚೀಲ ಹಿಡಿದರು. ಗಾರ್ಡು ಚೀಲ ನೋಡಿದ, ಇವರನ್ನು ನೋಡಿದ, ಬೇಡವೆಂದು ತಲೆ ಅಲ್ಲಾಡಿಸಿದ. ಗಾಡಿ ಜರುಗಿತು. ಮೂಕಾಂಬಿಕಮ್ಮ ನಾಲ್ಕು ಹೆಜ್ಜೆ ಓಡಿ, ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತಿದ್ದ ಹಸಿರು ಸೀರೆಯವಳ ಕೈಗೆ ಚೀಲ ತುರುಕಿದರು. "ಮಾಟುಂಗಾ! ಮಾಟುಂಗಾ!" ಎಂದು ಕೂಗಿದರು. ಅವಳು ಏನೆಂದು ತಿಳಿಯದೆಯೇ ಹಿಡಿದುಕೊಂಡಳು. ಗಾಡಿ ಹೋಯಿತು.

ಮೂಕಾಂಬಿಕಮ್ಮ ನೆಮ್ಮದಿಯಿಂದ ಸೆರಗಿಗೆ ಕೈ ಒರೆಸಿಕೊಂಡರು.

"ಅಕ್ಕಾರ, ಏನ್ ಕೊಟ್ರಿ ಅದ್ರಾಗ?"

ಕನ್ನಡ! ತಿರುಗಿ ನೋಡಿದರೆ ಚಹಾದ ಸ್ಟಾಲಿನವನು. ಹೆಸರು ಸಿದ್ದಬಸಪ್ಪ, ವಿಜಾಪುರ ಕಡೆಯವನು, ಆ ಪ್ಲಾಟ್‌ಫಾರಂ ಮೇಲೆ ಹದಿನೆಂಟು ವರ್ಷದಿಂದ ಚಹಾ ಕಾಸುತ್ತಿದ್ದಾನೆ. ಇದೆಲ್ಲ ಅವನು ಒಂದೇ ಉಸಿರಿಗೆ ಹೇಳಿದ.

"ನಮ್ಮಣ್ಣನ ಹಲ್ಲು. ಮಾಟುಂಗಕ್ಕೆ ಕಳಿಸ್ದೆ."

"ಹಲ್ಲಾ? ಯಾರ ಜೋಡಿ ಕಳಿಸಿದ್ರಿ?"

"ಗಾಡಿ ಜೊತೆ."

ಸಿದ್ದಬಸಪ್ಪ ಸೋಸುವ ಬಟ್ಟೆ ಕೆಳಗಿಟ್ಟ. "ಅಕ್ಕಾರ, ಅದು ಫಾಸ್ಟ್ ಗಾಡಿ ಐತ್ರಿ. ಮಾಟುಂಗಾಕ್ಕ ನಿಂದ್ರಂಗೇ ಇಲ್ಲ."

"ಹೇಳಿದ್ರೆ ನಿಲ್ಲಿಸಲ್ವಾ? ನಮ್ಮಲ್ಲಿ ಎಕ್ಸ್‌ಪ್ರೆಸ್ ಬಸ್ಸೂ ನಿಲ್ಲಿಸ್ತಾರೆ."

"ಯಾರಿಗೆ ಹೇಳ್ತೀರಿ? ಡ್ರೈವರ್ ಅಲ್ಲಿ, ನೀವು ಇಲ್ಲಿ, ನಡುವ ಮೂರು ಸಾವಿರ ಮಂದಿ!" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿದ. "ಹೋತಂತ ತಿಳೀರಿ ಅಕ್ಕಾರ. ಇದು ಮುಂಬಯಿ. ಇಲ್ಲಿ ಹಲ್ಲಷ್ಟೇ ಅಲ್ಲ, ಮನಿಶಾರೂ ಹೋದ್ರ ಸಿಗಂಗಿಲ್ಲ."

"ಮಾಟುಂಗ ದಾಟಿದ ಮೇಲೆ ಅದು ಎಲ್ಲಿ ನಿಲ್ಲುತ್ತೆ?"

"ದಾದರ್."

"ಹಂಗಾದ್ರೆ ದಾದರಿನಲ್ಲೇ ಇರುತ್ತೆ." ಮೂಕಾಂಬಿಕಮ್ಮನ ದನಿಯಲ್ಲಿ ಅನುಮಾನವಿರಲಿಲ್ಲ. ಸ್ಟಾಪು ತಪ್ಪಿದ ಸಾಮಾನು ಮುಂದಿನ ಸ್ಟಾಪಿನಲ್ಲಲ್ಲದೆ ಇನ್ನೆಲ್ಲಿ ಇಳಿಯಬೇಕು? "ಅವಳು ಕೈಲಿ ಹಿಡ್ಕೊಂಡಳಲ್ಲ. ಹಿಡ್ಕೊಂಡವರು ಬಿಸಾಡಲ್ಲ."

ಸಿದ್ದಬಸಪ್ಪ ಚಹಾದ ಒಲೆ ಸಣ್ಣ ಮಾಡಿದ. ಸ್ಟಾಲನ್ನು ಪಕ್ಕದವನಿಗೆ ವಹಿಸಿ ತಾನೇ ಓಡಿ ಟಿಕೆಟ್ ತಂದ. ಅವರು ಚಾಚಿದ ಹಣವನ್ನು ಕಡೆಗೂ ಮುಟ್ಟಲಿಲ್ಲ. ಮುಂದಿನ ಫಾಸ್ಟ್ ಗಾಡಿ ಬಂದಾಗ ಹೆಂಗಸರ ಡಬ್ಬಿಯ ಎದುರು ಅವರನ್ನು ನಿಲ್ಲಿಸಿ, "ಹತ್ತ್ರಿ ಅಕ್ಕಾರ, ಕಣ್ಣು ಮುಚ್ಚಿ ಹತ್ತ್ರಿ!" ಎಂದ.

ಅವರು ಕಣ್ಣು ಮುಚ್ಚಿಯೇ ಹತ್ತಿದರು. ತೆರೆದಾಗ ಹೆಂಗಸರ ಒಂದು ಇಡೀ ಊರೇ ಎದುರಿಗಿತ್ತು. ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಒಬ್ಬಳು ಸ್ವೆಟರ್ ಹೆಣೆಯುತ್ತಿದ್ದಳು, ಇನ್ನೊಬ್ಬಳು ನಿಂತಲ್ಲೇ ಕಿವಿಯೋಲೆ ಮಾರುತ್ತಿದ್ದಳು. ಮೂವರ ಸೀಟಿನಲ್ಲಿ ಕೂತಿದ್ದ ಮೂವರೂ ಮಾತಿಲ್ಲದೆ ಚೂರು ಚೂರು ಸರಿದು, ಅವರ ಕೈ ಹಿಡಿದೆಳೆದು ನಾಲ್ಕನೆಯವರಾಗಿ ಕೂರಿಸಿಕೊಂಡರು.

ಮೂಕಾಂಬಿಕಮ್ಮ ಮದುವೆಗೆ ಮೊದಲು ಹಿಂದಿ ಮಧ್ಯಮಾ ಪರೀಕ್ಷೆ ಪಾಸು ಮಾಡಿದ್ದರು. ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಆ ಭಾಷೆ ಈಗ ರೇಷ್ಮೆ ಸೀರೆಯಂತೆ ಮಡಿಕೆ ಮುರಿಯದೆ ಹೊರಬಂತು. ಪೂಜ್ಯ ಅಗ್ರಜರ ದಂತಪಂಕ್ತಿ ಹಿಂದಿನ ಗಾಡಿಯಲ್ಲಿ ಪ್ರಯಾಣ ಮಾಡಿದೆ ಎಂದು ಅವರು ಗಂಭೀರವಾಗಿ ವಿವರಿಸಿದಾಗ, ಬಟಾಣಿಯವಳು ನಗುವ ಭರಕ್ಕೆ ಮಡಿಲಿನ ಕಾಳೆಲ್ಲ ಚೆಲ್ಲಿದಳು. ಸುದ್ದಿ ಸೀಟಿನಿಂದ ಸೀಟಿಗೆ ಹಬ್ಬಿ ಬಾಗಿಲವರೆಗೆ ತಲುಪಿತು. ಅಲ್ಲಿಂದ ಇನ್ನೊಂದು ನಗೆ ತಿರುಗಿ ಬಂತು. ಎಲ್ಲರೂ ಬಗ್ಗಿ ಬಟಾಣಿ ಹೆಕ್ಕಿದರು. ಮೂಕಾಂಬಿಕಮ್ಮನೂ ಹೆಕ್ಕಿದರು.

ಇಳಿಯುವ ಪಾಠವನ್ನೂ ಅವರೇ ಹೇಳಿಕೊಟ್ಟರು. ಕುರ್ಲಾ ದಾಟುತ್ತಲೇ ಏಳಬೇಕು. ಯಾವ ಕಡೆ ಪ್ಲಾಟ್‌ಫಾರಂ ಬರುತ್ತದೆಂದು ಕೇಳಿಕೊಳ್ಳಬೇಕು. ಚೀಲವಿದ್ದರೆ ಎದೆಗೆ ಅವಚಿಕೊಳ್ಳಬೇಕು. ತಳ್ಳಬಾರದು, ತಳ್ಳಿದವರಿಗೆ ಎದುರು ನಿಲ್ಲಲೂಬಾರದು. ಮೂಕಾಂಬಿಕಮ್ಮನಿಗೆ ತಟ್ಟನೆ ಅರ್ಥವಾಯಿತು. ಮಳೆಗಾಲದಲ್ಲಿ ಭದ್ರೆಯನ್ನು ದಾಟುವುದೂ ಹೀಗೆಯೇ. ನೀರಿಗೆ ಎದೆ ಕೊಟ್ಟವರನ್ನು ಹೊಳೆ ಉರುಳಿಸುತ್ತದೆ, ಓರೆಯಾಗಿ ಸಾಗಿದವರನ್ನು ದಡಕ್ಕೆ ಬಿಡುತ್ತದೆ. ದಾದರ್ ಬಂದಾಗ ಅವರು ಓರೆಯಾದರು. ಈ ಸಲ ಹೊಸ ಚಪ್ಪಲಿ ಎರಡರ ಸಮೇತ ನೆಲ ಮುಟ್ಟಿದರು.

ಗದ್ದಲ ಕರಗಿದ ಮೇಲೆ ಕಂಡಿತು. ಹೆಂಗಸರ ಡಬ್ಬಿ ನಿಲ್ಲುವ ಜಾಗದಲ್ಲೇ ಒಂದು ಕಂಬಕ್ಕೆ ಒರಗಿ, ಹಸಿರು ಸೀರೆಯವಳು ನಿಂತಿದ್ದಳು. ಎಲ್ಲರಿಗೂ ಕಾಣಲೆಂದು ಕೈಚೀಲವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು.

ಮೂಕಾಂಬಿಕಮ್ಮ ಎರಡೂ ಕೈಯಿಂದ ಚೀಲ ಇಳಿಸಿಕೊಂಡರು. ಹಸಿರು ಸೀರೆಯವಳು ಒಂದೇ ಸಮನೆ ಹೇಳತೊಡಗಿದಳು. ತಾನು ತಂಗಿಯ ಮನೆಗೆ ಪರೇಲಿಗೆ ಹೊರಟವಳಂತೆ. ಅರ್ಧ ಗಂಟೆಯಿಂದ ಇಲ್ಲೇ ನಿಂತು ಕೈ ಸೋತುಹೋಯಿತಂತೆ. ಬಾಂಬೋ ಏನೋ ಎಂದು ಹೆದರಿ ಡಬ್ಬಿ ತೆಗೆದು ನೋಡಿದರೆ ಹಲ್ಲುಗಳು ಅವಳನ್ನೇ ನೋಡಿ ನಗುತ್ತಿದ್ದವಂತೆ.

"ನಾನು ಬರ್ತೀನಿ ಅಂತ ನಿಮಗೆ ಹೇಗೆ ಗೊತ್ತು?" ಎಂದು ಮೂಕಾಂಬಿಕಮ್ಮ ತಮ್ಮ ಪರೀಕ್ಷೆಯ ಹಿಂದಿಯಲ್ಲಿ ಕೇಳಿದರು.

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಅವಳ ಊರು ಕೊಂಕಣದ ಚಿಪಳೂಣದ ಹತ್ತಿರದ ಬೆಟ್ಟದಲ್ಲಿ. ಅಮ್ಮ ಇವತ್ತಿಗೂ ಹಲಸಿನ ಹಪ್ಪಳವನ್ನು ಬಸ್ಸಿನ ಡ್ರೈವರನ ಕೈಲೇ ಕೊಟ್ಟು ಕಳಿಸುತ್ತಾಳೆ. ಗಾಡಿಯಲ್ಲಿ ಬಂದ ಸಾಮಾನಿಗೆ ಹಿಂದಿನಿಂದ ಯಾರಾದರೂ ಬರಲೇಬೇಕಲ್ಲ?

ಮಾಟುಂಗ ಹಿಂದಕ್ಕೆ ಒಂದೇ ಸ್ಟೇಷನ್. ಸ್ಲೋ ಗಾಡಿಗೆ ಹತ್ತಿಸಿಯೇ ಅವಳು ತನ್ನ ದಾರಿ ಹಿಡಿದಳು.

ಸಂಘದ ಸಭಾಂಗಣ ತಲುಪಿದಾಗ ಐದೂ ಹತ್ತು. ರಂಗದ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಮೂಗಿನವರೆಗೆ ಶಾಲು ಸುತ್ತಿಕೊಂಡು ಕೂತಿದ್ದರು. ಗಂಟಲು ಕಟ್ಟಿದೆ ಎಂದು ಅಜಿತ ಹೇಳಿದ್ದ ಸುಳ್ಳನ್ನು ನಂಬಿ ಸಂಘದವರು ಒಂದರ ಹಿಂದೊಂದು ಅರಿಶಿನದ ಹಾಲು ತಂದಿಟ್ಟಿದ್ದರು. ಮೂರು ಲೋಟ ಎದುರಿಗಿತ್ತು. ತಂಗಿಯನ್ನು ಕಂಡದ್ದೇ ಮೇಷ್ಟ್ರ ಕಣ್ಣು ತುಂಬಿತು. ಡಬ್ಬಿ ಇಸಿದುಕೊಂಡು ಗೋಡೆಗೆ ಮುಖ ಮಾಡಿ ತಿರುಗಿದವರು, ಮತ್ತೆ ಈ ಕಡೆ ತಿರುಗಿದಾಗ ಹತ್ತು ವರ್ಷ ಚಿಕ್ಕವರಾಗಿದ್ದರು.

"ಮೂಕೀ," ಎಂದರು, "ಡಬ್ಬೀಲಿ ನೀರು ಹಾಕಿದ್ಯಾ? ಒಣಗಿದಂಗಿದೆ."

"ಸುಮ್ನೆ ಹೋಗಿ ಓದು. ಇಲ್ದಿದ್ರೆ ವಾಪಸ್ ಕೊಡು."

ಅಂದು ಮೇಷ್ಟ್ರು ಓದಿದರು. ಮೂಕಾಂಬಿಕಮ್ಮ ಕೊನೆಯ ಸಾಲಿನಲ್ಲಿ ಕೂತು, ಒಂದೊಂದು ಅಕ್ಷರವೂ ಸಿಪ್ಪೆ ಬಿಡಿಸಿದ ಕಾಫಿ ಬೀಜದಂತೆ ಬೇರೆ ಬೇರೆಯಾಗಿ ಬಂದು ಬೀಳುವುದನ್ನು ಕೇಳಿದರು. ಐವತ್ತು ವರ್ಷ ಕೇಳಿದ್ದೇ. ಆದರೂ ಆ ಸಂಜೆ ತಾವು ಅದನ್ನು ಮೊದಲ ಸಲ ಕೇಳುತ್ತಿರುವಂತೆ ಅವರಿಗನ್ನಿಸಿತು.

ಏಳು ಗಂಟೆಗೆ ಹೊರಗೆ ಬಂದಾಗ ಅಜಿತ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದ.

"ಗಾಡಿಗೆ ಕೊಟ್ಟು ಕಳಿಸಿದ್ರಾ? ದೊಡ್ಡಮ್ಮ, ಇದು ಮುಂಬೈ, ಸಂಸೆ ಅಲ್ಲ!"

"ಬಂತಾ ಇಲ್ವಾ?"

"ಬಂತು, ಆದ್ರೆ..."

"ಮತ್ತೆ?"

"ಅದಿರ್ಲಿ. ಈಗ ಇಲ್ಲೇ ನಿಂತಿರಿ, ಟ್ಯಾಕ್ಸಿ ಹಿಡ್ಕೊಂಡು ಬರ್ತೀನಿ. ಈ ಹೊತ್ತಿನ ಡೊಂಬಿವಲಿ ಗಾಡಿ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ. ಮಾವನಿಗೂ ಸುಸ್ತಾಗಿದೆ."

"ಅಣ್ಣನ್ನ ಟ್ಯಾಕ್ಸೀಲಿ ಕರ್ಕೊಂಡು ಬಾ. ನನಗೆ ಲೇಡೀಸ್ ಡಬ್ಬಿ ಉಂಟು."

"ಒಬ್ಬರೇ? ತಮಾಷೆ ಮಾಡ್ಬೇಡಿ. ಕೇಳಿ ಇಲ್ಲಿ, ಮೊದಲು ಠಾಣೆವರೆಗೆ ಕಾಲಿಡಕ್ಕೂ ಜಾಗ ಇರಲ್ಲ, ಆಮೇಲೆ ಇಳಿಯೋ ಕಡೆ ಯಾವುದು ಅಂತ..."

ಮೂಕಾಂಬಿಕಮ್ಮ ಅಷ್ಟರಲ್ಲಿ ರಸ್ತೆ ದಾಟಿ, ಹೂವಿನವರ ಬುಟ್ಟಿಗಳ ನಡುವೆ ದಾರಿ ಮಾಡಿಕೊಂಡು, ಸ್ಟೇಷನ್ನಿನ ದೀಪಗಳ ಕಡೆಗೆ ಹೊರಟಾಗಿತ್ತು.