ತೊಳೆಯದ ಬೆನ್ನು

ಪತ್ರಿಕಾ ಕಚೇರಿಯಲ್ಲಿ ತಂತಿ ಸುದ್ದಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದಾಗಿದ್ದ ಕಾಲದಲ್ಲಿ ವಿದೇಶದ ಆಟಗಳ ಸುದ್ದಿಯೂ ಆಗಾಗ ಬರುತ್ತಿತ್ತು. ರಗ್ಬಿ ಎಂಬ ಆಟವನ್ನು ನಾನು ಕಣ್ಣಾರೆ ನೋಡಿದವನಲ್ಲ. ಎರಡು ದೇಶಗಳ ನಡುವಿನ ಪಂದ್ಯದಲ್ಲಿ ರೆಫರಿಯ ತೀರ್ಪು ಜನಕ್ಕೆ ಒಪ್ಪಿಗೆಯಾಗದೆ, ಕೊನೆಗೆ ಪೊಲೀಸರು ಅವನನ್ನು ಸುತ್ತುವರಿದು ಹೊರಗೆ ಕರೆದೊಯ್ದರು ಎಂಬಂಥ ಸುದ್ದಿ ಬಂದರೆ ಒಂದು ಪ್ಯಾರಾ ಬರೆದು ಮುಗಿಸುತ್ತಿದ್ದೆ. ಆಟಕ್ಕೆ ಇಷ್ಟೊಂದು ರಂಪವೇ ಎಂದು ಪಕ್ಕದ ಮೇಜಿನವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹೊಳೆನರಸೀಪುರದಲ್ಲಿ ಒಬ್ಬ ಮನುಷ್ಯನ ಬೆನ್ನನ್ನು ಊರಿಗೆ ಊರೇ ಕಾವಲು ಕಾದದ್ದನ್ನು ನಾನು ನೋಡಿದ್ದೆ.

ಅದನ್ನು ಕಂಡದ್ದು ಪತ್ರಿಕಾ ಕಚೇರಿಗೂ ಮೊದಲು, ಎರಡನೇ ಮಹಾಯುದ್ಧದ ವರ್ಷಗಳಲ್ಲಿ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ನಾನು ಮೈಸೂರಿನ ಒಂದು ವಾರಪತ್ರಿಕೆಗೆ ಹಾಸನ ಜಿಲ್ಲೆಯ ಸುದ್ದಿ ಕಳಿಸುತ್ತ ಹೊಳೆನರಸೀಪುರದ ಬಾಡಿಗೆ ಕೋಣೆಯೊಂದರಲ್ಲಿದ್ದೆ. ಎದುರು ಮನೆ ಗರಡಿಯ ಉಸ್ತಾದರದು. ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಮೀಸೆ ಚಿಗುರುವ ವಯಸ್ಸಿನಲ್ಲಿ ಇಲ್ಲಿಗೆ ಬಂದು, ಕುಸ್ತಿ ಕಲಿಸುತ್ತಲೇ ಮುದುಕರಾದವರು. ಗರಡಿಯ ಕಟ್ಟಡ ಊರಿನದು, ಬೀಗದ ಕೈ ಅವರದು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದರು.

ಆ ವರ್ಷ ಹೇಮಾವತಿಯ ದಂಡೆಯ ಬಯಲಿನಲ್ಲಿ ಕುಸ್ತಿ ನಡೆಯಿತು. ಕೊನೆಯ ಜೋಡಿಯಲ್ಲಿ ಒಬ್ಬ ನಮ್ಮ ತಾಲ್ಲೂಕಿನ ಹಳೇಕೋಟೆಯವನು, ಇನ್ನೊಬ್ಬ ಅರಕಲಗೂಡು ತಾಲ್ಲೂಕಿನ ಕೊಣನೂರಿನವನು. ಇಬ್ಬರೂ ಉಸ್ತಾದರ ಗರಡಿಯಲ್ಲೇ ಪಳಗಿದವರು. ಅವರು ಯಾರ ಕಡೆಗೂ ವಾಲುವುದಿಲ್ಲವೆಂದು ಎರಡು ಕಡೆಯವರೂ ಒಪ್ಪಿ ಅವರನ್ನೇ ತೀರ್ಪುಗಾರರಾಗಿ ನಿಲ್ಲಿಸಿದ್ದರು. ಹಳೇಕೋಟೆಯವನಿಗೆ ಅದೇ ಕೊನೆಯ ಕುಸ್ತಿಯಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಬಹಳ ಹೊತ್ತು ಒಬ್ಬರ ಕತ್ತಿಗೆ ಒಬ್ಬರು ಕೈ ಹಾಕಿ ತಿರುಗಿದರು. ಕೊಣನೂರಿನವನು ಒಮ್ಮೆಗೇ ಕೆಳಗೆ ನುಗ್ಗಿ, ಹಳೇಕೋಟೆಯವನ ತೊಡೆ ಹಿಡಿದೆತ್ತಿ ಎಸೆದ. ಇಬ್ಬರೂ ಉರುಳುತ್ತ, ಕುಸ್ತಿಗೆಂದು ಹದಮಾಡಿದ ಕೆಂಪು ಮಣ್ಣಿನ ಮಟ್ಟಿಯ ಅಂಚಿಗೆ ಹೋದರು. ಉಸ್ತಾದರು ಮಂಡಿಯೂರಿ ಬಗ್ಗಿ ನೋಡಿ, ಅಂಗೈಯಿಂದ ಮಣ್ಣಿಗೆ ಬಡಿದು "ಚಿತ್" ಎಂದು ಕೂಗಿದರು. ಎರಡು ಹೆಗಲೂ ಒಟ್ಟಿಗೆ ನೆಲ ಮುಟ್ಟಿದವು ಎಂದು ಅರ್ಥ. ಕೊಣನೂರಿನವನ ಕೈ ಮೇಲೆತ್ತಿದರು. ನಾನು ಕೂತಿದ್ದ ಕಡೆಗೆ ಉಸ್ತಾದರ ಬೆನ್ನು ಅಡ್ಡವಾಗಿತ್ತು. ಏನಾಯಿತೆಂದು ನಾನು ಕಾಣಲಿಲ್ಲ. ಕಂಡೆವೆಂದು ಆಮೇಲೆ ಹೇಳಿದವರಲ್ಲಿ ಬಹಳ ಜನ ನನ್ನ ಆಚೀಚೆಯೇ ಕೂತಿದ್ದರು.

ಹಳೇಕೋಟೆಯವನು ಎದ್ದು ನಿಂತಾಗ ಅವನ ಬಲ ಹೆಗಲ ಹಿಂದೆ ಕೆಂಪು ಮಣ್ಣು ದಪ್ಪಗೆ ಮೆತ್ತಿತ್ತು. ಎಡ ಹೆಗಲ ಹಿಂದೆ ಅಂಗೈಯಗಲ ಚರ್ಮ ಬೆವರಿನಲ್ಲಿ ಹೊಳೆಯುತ್ತಿತ್ತು.

"ಎಡಗಡೆ ಮಣ್ಣೇ ಅತ್ತಿಲ್ಲ! ನೋಡ್ರಪ್ಪೋ, ಮಣ್ಣೇ ಅತ್ತಿಲ್ಲ!" ಎಂದು ಯಾರೋ ಕೂಗಿದರು. ಆ ಕೂಗು ಬಯಲಿನ ತುಂಬ ಹಬ್ಬಿತು. ಕೊಣನೂರಿನವರು ತಮ್ಮ ಹುಡುಗನನ್ನು ಗಾಡಿಗೆ ಹತ್ತಿಸಿಕೊಂಡು, ಗೆದ್ದವನಿಗೆಂದು ಇಟ್ಟಿದ್ದ ಬೆಳ್ಳಿ ಗದೆಯನ್ನೂ ಕೇಳದೆ ಹೊರಟುಹೋದರು.

ಕುಸ್ತಿ ನಡೆಸಿದ ಸಮಿತಿಗೆ ಮುಖ್ಯಸ್ಥರು ರೈಸ್ ಮಿಲ್ಲಿನ ಸಾಹುಕಾರರು. ಅವರು ಗಟ್ಟಿಯಾಗಿ ಮಾತಾಡುವವರಲ್ಲ. ಮೆಲ್ಲಗೇ ಕೇಳಿದರು: "ಉಸ್ತಾದ್ರೇ, ಜನಕ್ಕೆ ಒಂದ್ ಮಾತು ಯೋಳ್ಬುಡಿ. ಮಣ್ಣು ಯಾಕಿಲ್ಲ?"

"ನಾನು ಕಂಡಿದ್ದು ಕೂಗ್ದೆ, ಸಾವ್ಕಾರ್ರೇ. ತೀರ್ಪು ಕೊಟ್ಟೋನು ಕಾರಣ ಯೋಳ್ತಾ ನಿಂತ್ರೆ ಯಾವ ಕುಸ್ತೀನೂ ಮುಗಿಯಕ್ಕಿಲ್ಲ."

"ಅಂಗಾದ್ರೆ ಆಸನದ ಹಿರೇರು ಬಂದು ಬೆನ್ನು ನೋಡ್ಲಿ. ಚಿತ್ ಅಲ್ಲ ಅಂದ್ರೆ ಗರಡಿ ಬೀಗದ ಕೈ ನೀವು ಕೊಡ್ಬೇಕಾಯ್ತದೆ."

"ಆಗ್ಲಿ" ಎಂದರು ಉಸ್ತಾದರು. ಅವರ ಕೈ ಸೊಂಟದ ಹತ್ತಿರ ಹೋಗಿ ಹಿಂದಕ್ಕೆ ಬಂತು.

ಹೀಗೆ ಹಳೇಕೋಟೆಯವನ ಬೆನ್ನು ಸಾಕ್ಷಿಯಾಯಿತು. ಹಾಸನದಿಂದ ಕುಸ್ತಿ ಬಲ್ಲ ಹಿರಿಯರು ಬರುವ ತನಕ ಅದಕ್ಕೆ ನೀರು ತಾಗಬಾರದು, ಬಟ್ಟೆ ತಾಗಬಾರದು. ಅವನನ್ನು ಮಿಲ್ಲಿನ ಜಗಲಿಯಲ್ಲಿ ಕೂರಿಸಿದರು. ಗರಡಿಯ ಹುಡುಗರು ಸರದಿಯ ಮೇಲೆ ಪಕ್ಕದಲ್ಲಿ ಕೂತರು. ಮಲಗುವುದಾದರೆ ಬೋರಲು ಮಲಗಬೇಕು. ಮೋಡ ಕಂಡರೆ ಒಬ್ಬ ಕೊಡೆ ಬಿಚ್ಚುತ್ತಿದ್ದ. ಸುತ್ತಲ ಹಳ್ಳಿಗಳಿಂದ ಜನ ಬಂದು ಬೆನ್ನು ನೋಡಿ, ತಲೆಯಾಡಿಸಿ ಹೋಗುತ್ತಿದ್ದರು. ಅವನ ಮುಖ ನೋಡಿದವರನ್ನು ನಾನು ಕಾಣೆ.

ಕಾಫಿ ಹೋಟೆಲಿನಲ್ಲಿ ಬೇರೆ ಮಾತೇ ಇರಲಿಲ್ಲ.

"ಎಷ್ಟಾದ್ರೂ ಚನ್ರಾಯಪಟ್ಣದೋನು ಕಣ್ಲಾ. ನಮ್ಮೂರ್ ನೀರು ಕುಡುದ್ಬುಟ್ರೆ ನಮ್ಮೋನಾಯ್ತಾನಾ?"

"ಚನ್ರಾಯಪಟ್ಣಕ್ಕೂ ಕೊಣನೂರ್ಗೂ ಏನ್ಲಾ ನಂಟು?"

"ನಂಟಿಲ್ದೆ ಇದ್ರೆ ಆ ನನ್ಮಗನ ಕೈ ಎತ್ತುತಿದ್ನಾ?"

ಎಲ್ಲರೂ ನಕ್ಕರು. ಒಬ್ಬ ನನ್ನ ಕಡೆ ತಿರುಗಿದ. "ನೀವು ಬರಿಯೋರು ಸಾ. ಬೆನ್ನು ನೋಡ್ಕಂಡು ಬರೀರಿ. ನೋಡ್ದೆ ಬರುದ್ರೆ ಚೆಂದಾಕಿರಕ್ಕಿಲ್ಲ." ಆ ಮಾತಿಗೆ ಯಾರೂ ನಗಲಿಲ್ಲ.

ಉಸ್ತಾದರ ಮನೆಗೆ ಹಾಲು ತರುತ್ತಿದ್ದ ಹೆಂಗಸು ಬರುವುದನ್ನು ನಿಲ್ಲಿಸಿದಳು. ಕ್ಷೌರದವನು ಬೀದಿಯ ಆಚೆ ಬದಿಯಲ್ಲಿ ನಡೆದುಹೋದ. ಒಂದು ಬೆಳಗ್ಗೆ ಅವರ ಬಾಗಿಲ ಮೇಲೆ ಮಟ್ಟಿಯ ಕೆಂಪು ಮಣ್ಣಿನಲ್ಲಿ ಅದ್ದಿದ ಒಂದು ಅಂಗೈ ಗುರುತು ಇತ್ತು. ಅವರು ನೋಡಿದರು, ಒರೆಸಲಿಲ್ಲ. ದಿನವೂ ಹೋಗುವಂತೆ ಗರಡಿಗೆ ಹೋದರು. ಕಲಿಯುವ ಹುಡುಗ ಒಬ್ಬನೂ ಇಲ್ಲದ ಗರಡಿಯಲ್ಲಿ ಅವರೊಬ್ಬರೇ ಸನಿಕೆ ಹಿಡಿದು ಮಟ್ಟಿ ಅಗೆಯುವ ಸದ್ದು ಬೀದಿಗೆ ಕೇಳುತ್ತಿತ್ತು. ಮರುದಿನ ಬಾಗಿಲ ಮೇಲೆ ಇನ್ನೊಂದು ಅಂಗೈ ಇತ್ತು. ಮೊದಲಿನದಕ್ಕಿಂತ ಚಿಕ್ಕದು.

ಹಾಸನದ ಹಿರಿಯರು ಹೇಳಿದ ದಿನಕ್ಕೆ ಬರಲಿಲ್ಲ. ಬಸ್ಸು ದಾರಿಯಲ್ಲಿ ಕೆಟ್ಟಿದೆ, ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಕಳಿಸಿದರು. ಮಿಲ್ಲಿನ ಜಗಲಿಯಲ್ಲಿ ಆ ಸುದ್ದಿ ತಿಳಿಸಿದಾಗ ನಾನಿದ್ದೆ. ಬೆನ್ನಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅದರ ಅಡಿಯಲ್ಲಿ ಕುಸ್ತಿಯ ದಿನ ಆಗಿದ್ದ ತರಚು ಗಾಯ ಕೀವು ಕಟ್ಟಿ, ಬಿರುಕಿನಲ್ಲಿ ಒಸರುತ್ತಿತ್ತು. ನೊಣ ಓಡಿಸಲು ಒಬ್ಬ ಹುಡುಗನಿಗೆ ಬೇವಿನ ಸೊಪ್ಪು ಕೊಟ್ಟಿದ್ದರು. ಸೊಪ್ಪು ಬೆನ್ನಿಗೆ ತಾಗಬಾರದೆಂದು ಬೇರೆ ಹೇಳಿದ್ದರು. ಹಳೇಕೋಟೆಯವನು ಜ್ವರದಲ್ಲಿ ನಡುಗುತ್ತಿದ್ದ.

"ಒಂದ್ ವಾರ ತಡ್ಕೋ ಮಗ" ಎಂದರು ಸಾಹುಕಾರರು. "ಊರಿನ ಮಾನ ನಿನ್ ಬೆನ್ ಮ್ಯಾಲದೆ."

ಅವನು ಎದ್ದು ನಡೆಯತೊಡಗಿದ. ಕಾಲಾಡಿಸಲು ಹೊರಟನೆಂದು ಕಾವಲಿನವರು ಕೊಡೆ ಹಿಡಿದು ಹಿಂದೆಯೇ ಹೋದರು. ಹೊಳೆಯ ದಾರಿಗೆ ತಿರುಗಿದರೆ ತಡೆಯೋಣವೆಂದು ಇಬ್ಬರು ಮುಂದೆ ಓಡಿ ನಿಂತರು. ಅವನು ಹೊಳೆಯ ಕಡೆ ಹೋಗಲಿಲ್ಲ. ನಮ್ಮ ಬೀದಿಗೆ ಬಂದ. ಉಸ್ತಾದರ ಬಾಗಿಲು ತಟ್ಟಿದ.

ನಾನು ಅವರ ಹಿಂದೆಯೇ ಬಂದು ನನ್ನ ಜಗಲಿಯಲ್ಲಿ ನಿಂತೆ. ಬಾಗಿಲು ತೆರೆಯಿತು.

"ಉಸ್ತಾದ್ರೇ, ಬೆನ್ನು ಉರೀತದೆ. ನೀರು ಉಯ್ಯಿ."

ಕುಸ್ತಿಯಾದ ಮೇಲೆ ಶಿಷ್ಯನ ಮೈಗೆ ಉಸ್ತಾದರು ತಾವೇ ಬಿಸಿನೀರು ಹುಯ್ಯುವುದು ಆ ಗರಡಿಯ ಪದ್ಧತಿ. ಗೆದ್ದವನಿಗೂ ಹುಯ್ಯುತ್ತಿದ್ದರು, ಸೋತವನಿಗೂ ಹುಯ್ಯುತ್ತಿದ್ದರು.

"ಉಯ್ದ್ರೆ ಏನಾಯ್ತದೆ ಗೊತ್ತೇನ್ಲಾ?"

"ಗೊತ್ತು."

"ನಂಗೂ ಗೊತ್ತು. ಬಾ ಒಳಕ್ಕೆ."

ಬಾಗಿಲು ಮುಚ್ಚಿ ಅಗುಳಿ ಬಿತ್ತು. ಕೊಡೆ ಹಿಡಿದಿದ್ದ ಹುಡುಗ ಕೊಡೆಯನ್ನು ಹಾಗೇ ಹಿಡಿದು ನಿಂತ. ಇನ್ನೊಬ್ಬ ಮಿಲ್ಲಿಗೆ ಓಡಿದ. ಸ್ವಲ್ಪ ಹೊತ್ತಿನಲ್ಲಿ ಬೀದಿ ತುಂಬಿತು. ಒಳಗೆ ಹಂಡೆಯಿಂದ ನೀರು ಮೊಗೆಯುವ ಸದ್ದು, ಹುಯ್ಯುವ ಸದ್ದು. ಮಾತು ಕೇಳಿಸಲಿಲ್ಲ. ಹೆಗಲು ನೆಲ ಮುಟ್ಟಿತ್ತೋ ಇಲ್ಲವೋ ಎಂಬುದನ್ನು ಊರಿನಲ್ಲಿ ಹೇಳಬಲ್ಲ ಇಬ್ಬರೂ ಆ ಬಚ್ಚಲಿನಲ್ಲಿದ್ದರು.

ಬಚ್ಚಲಿನ ತೂಬು ಬೀದಿಯ ಚರಂಡಿಗೆ ಬೀಳುತ್ತಿತ್ತು. ಮೊದಲು ಬಂದದ್ದು ತಿಳಿ ನೀರು. ಆಮೇಲೆ ಕೆಂಪು ನೀರು ಬಂತು, ದಪ್ಪಗೆ, ಹಬೆಯಾಡುತ್ತ. ಜನ ಚರಂಡಿಯ ಎರಡು ಬದಿಯಲ್ಲಿ ನಿಂತು ನೋಡಿದರು.

"ಓಯ್ತು" ಎಂದ ಒಬ್ಬ. ಬೇರೆ ಯಾರೂ ಬಾಯಿ ಬಿಡಲಿಲ್ಲ. ಕುಸ್ತಿಯ ದಿನ ಅಷ್ಟು ಕೂಗಿದ್ದ ಜನ ಅವರೇ. ಅವರು ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಉಸ್ತಾದರು ಬಾಗಿಲು ತೆರೆದು ಬಂದರು. ಮೊಣಕೈವರೆಗೂ ಒದ್ದೆ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಜಗಲಿಯ ಮೇಲಿಟ್ಟರು. ಸಾಹುಕಾರರು ಗರಡಿಯ ಹುಡುಗರ ಕಡೆ ನೋಡಿ, "ತಕ್ಕಳ್ರೋ" ಎಂದರು. ಯಾರೂ ಬಗ್ಗಲಿಲ್ಲ. ಕೊನೆಗೆ ಅವರೇ ಬಗ್ಗಿ ಎತ್ತಿಕೊಂಡು ಶಲ್ಯದಲ್ಲಿ ಒರೆಸಿದರು.

"ಸಂಜೆ ಬಸ್ಸದೆ, ಉಸ್ತಾದ್ರೇ" ಎಂದರು.

ಚನ್ನರಾಯಪಟ್ಟಣದ ಕೊಬ್ಬರಿ ಪೇಟೆಯ ಸುದ್ದಿಗಾಗಿ ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಉಸ್ತಾದರು ಒಂದು ಟ್ರಂಕು ಹಿಡಿದು ಕಿಟಕಿಯ ಪಕ್ಕ ಕೂತಿದ್ದರು. ನಾನು ಹಿಂದಿನ ಸೀಟಿನಲ್ಲಿ ಕೂತೆ. ಬೀದಿಯಲ್ಲಿದ್ದ ಜನವೆಲ್ಲ ಬಸ್ಸಿನ ಸುತ್ತ ಬಂದು ನಿಂತಿತ್ತು. ಇದ್ದಿಲಿನ ಬಸ್ಸು ಹತ್ತಿದ ಕೂಡಲೇ ಹೊರಡುವಂಥದಲ್ಲ. ಹಿಂಬದಿಗೆ ಕಟ್ಟಿದ ಒಲೆಗೆ ಬೆಂಕಿ ಹಾಕಿ, ಹಿಡಿಕೆ ತಿರುವಿ ಗಾಳಿ ಊದಬೇಕು. ಕೆಂಡ ಚೆನ್ನಾಗಿ ಹತ್ತಿದ ಮೇಲೆಯೇ ಇಂಜಿನ್ನಿಗೆ ಗ್ಯಾಸು. ಕ್ಲೀನರ್ ಹುಡುಗ ತಿರುವುತ್ತಿದ್ದ.

"ನಿಧಾನ ಕಣಪ್ಪಾ, ಆತ್ರ ಏನದೆ?" ಎಂದು ಅವನ ಕಿವಿಯ ಹತ್ತಿರ ಒಬ್ಬ ಹೇಳಿದ. ಕ್ಲೀನರ್ ಸುತ್ತ ನೋಡಿ, ಹಿಡಿಕೆ ಬಿಟ್ಟು, ಮೆಲ್ಲಗೆ ಗುಂಪಿನಿಂದ ನುಸುಳಿಹೋದ. ಡ್ರೈವರ್ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ಯಾರೂ ಕಲ್ಲು ಎತ್ತಲಿಲ್ಲ, ಯಾರೂ ಬಯ್ಯಲಿಲ್ಲ. ಸುಮ್ಮನೆ ಹತ್ತಿರ ಬಂದರು. ಬಸ್ಸಿನ ತಗಡಿಗೆ ಮೈ ತಾಗುವಷ್ಟು ಹತ್ತಿರ. ಒಬ್ಬ ಕಿಟಕಿಯೊಳಗೆ ಕೈ ಹಾಕಿ ಉಸ್ತಾದರ ಟ್ರಂಕಿನ ಮೇಲೆ ಅಂಗೈ ಇಟ್ಟ. ಒಲೆ ಆರುತ್ತ ಬಂತು.

ಆಗ ಹಳೇಕೋಟೆಯವನು ಬಂದ. ಉಸ್ತಾದರ ಹಳೆಯ ಜುಬ್ಬ ತೊಟ್ಟಿದ್ದ, ಮೈಗೆ ಬಿಗಿಯಾಗಿತ್ತು. ಗುಂಪನ್ನು ಹೆಗಲಿನಿಂದ ಸರಿಸಿ ಹಿಂಬದಿಗೆ ಹೋಗಿ ಹಿಡಿಕೆ ಹಿಡಿದ.

"ಯಾಕ್ಲಾ? ಬುಡ್ಲಾ ಅದ!"

ಅವನು ಬಿಡಲಿಲ್ಲ. ಜ್ವರದ ಮೈ, ಆದರೂ ಪೈಲ್ವಾನನ ಕೈ. ಒಲೆ ಮೊರೆಯಿತು. ಕಿಡಿ ಹಾರಿ ಹತ್ತಿರ ನಿಂತವರು ಹಿಂದೆ ಸರಿದರು. ಜುಬ್ಬದ ಬೆನ್ನಿನ ಮೇಲೆ, ಬಲ ಹೆಗಲ ಹತ್ತಿರ, ಒದ್ದೆ ಗುರುತು ಹರಡುತ್ತಿತ್ತು. ಇಂಜಿನ್ನು ಕೆಮ್ಮಿ ಹತ್ತಿಕೊಂಡಿತು. ಟ್ರಂಕಿನ ಮೇಲಿದ್ದ ಕೈ ಕಿಟಕಿಯಿಂದ ಜಾರಿತು.

ಉಸ್ತಾದರು ತಿರುಗಿ ನೋಡಲಿಲ್ಲ. ನಾನು ನೋಡಿದೆ. ಬಸ್ಸು ಹೊರಟ ಜಾಗದಲ್ಲಿ ಹೊಗೆ ನಿಂತಿತ್ತು. ಜನ ಮನೆಗಳಿಗೆ ಹೋಗಲಿಲ್ಲ, ಬಸ್ಸಿನ ಹಿಂದೆಯೂ ಬರಲಿಲ್ಲ. ಬಸ್ಸು ಖಾಲಿ ಮಾಡಿದ ಜಾಗವನ್ನು ನಾಲ್ಕೂ ಕಡೆಯಿಂದ ಮೆಲ್ಲಗೆ ತುಂಬುತ್ತಿದ್ದರು. ಅದರ ನಡುವೆ ಹಳೇಕೋಟೆಯವನೊಬ್ಬನೇ, ಬರಿಗೈಯಲ್ಲಿ, ಯಾರ ಕಡೆಗೆ ಬೆನ್ನು ಮಾಡಲಿ ಎಂದು ತಿಳಿಯದವನಂತೆ ನಿಂತಲ್ಲೇ ತಿರುಗುತ್ತಿದ್ದ.