ಎಂಟರಲ್ಲಿ ಒಂದು ನಿಜ

ನಮ್ಮ ತೈನಾನ್‌ನಲ್ಲಿ ಕಸ ಬೀದೀಲಿ ಇಡೋ ಹಾಗಿಲ್ಲ. ಸಂಜೆ ಗಾಡಿ ಹಾಡು ಹಾಕ್ಕೊಂಡು ಬರುತ್ತೆ, ನಾವೇ ಚೀಲ ಹಿಡ್ಕೊಂಡು ಓಡಬೇಕು. ಹಾಡು ಕೇಳಿಸದೆ ಹೋದ್ರೆ ಕಸ ರಾತ್ರಿಯೆಲ್ಲ ನಿಮ್ಮ ಜೊತೇಲೇ ಮಲಗುತ್ತೆ. ಇಂಥ ಊರಲ್ಲಿ, ಹುಟ್ಟಿದಾಗಿಂದ ಕಿವಿ ಕೇಳದ ಚಿನ್-ಮೇ ಒಂಟಿಯಾಗೇ ಇರ್ತೀನಿ ಅಂತ ಹಟ ಹಿಡಿದಿದ್ದಳು.

ಅವಳ ಮನೆ ಕೆಳಗೇ ನನ್ನ ಬೂದುಗುಂಬಳದ ಚಹಾ ಅಂಗಡಿ. ಅವಳ ಕೆಲಸ ಸಂತೇಲಿ ಹಾಲುಮೀನಿನ ಮುಳ್ಳು ತೆಗೆಯೋದು. ಒಂದು ಮೀನಿಗೆ ಇನ್ನೂರಕ್ಕೂ ಮೇಲೆ ಮುಳ್ಳು, ಪುಣ್ಯಾತ್ಗಿತ್ತಿ ಒಂದನ್ನೂ ಬಿಡಲ್ಲ. ಮಿಕ್ಕ ತಲೆ-ಬಾಲ ಮನೆಗೆ ತಂದು ಗಂಜಿ ಮಾಡ್ತಾಳೆ. ಆ ಕಸ ಒಂದು ದಿನ ಉಳೀತೋ, ನನ್ನ ಗಿರಾಕಿಗಳು ಮೂಗು ಮುಚ್ಕೊಂಡು ಚಹಾ ಕುಡೀಬೇಕು.

ಮೊದಲೆಲ್ಲ ಅವಳು ಎದುರು ಮನೆ ಕೋ ತಾತ ಇಳಿಯೋದನ್ನ ನೋಡಿ ತಾನೂ ಇಳೀತಿದ್ದಳು. ತಾತ ಹಳೇ ಬಸ್ ಡ್ರೈವರ್, ಗಡಿಯಾರದಂಥ ಮನುಷ್ಯ. ಅದ್ಯಾಕೋ ಬರಬರುತ್ತಾ ಅವನೇ ಗಾಡಿ ತಪ್ಪಿಸಿಕೊಳ್ಳೋಕೆ ಶುರು ಮಾಡಿದ. ಅವನು ತಪ್ಪಿಸಿದ ದಿನ ಇವಳೂ ತಪ್ಪಿಸ್ತಿದ್ದಳು. ಹೋದ ಬೇಸಿಗೇಲಿ ಇವಳ ಅಕ್ಕ ಕಾವ್‌ಶಿಯುಂಗ್‌ನಿಂದ ಬಂದು ಬಾಗಿಲು ತೆಗೆದವಳೇ ವಾಂತಿ ಮಾಡ್ಕೊಂಡಳು. ಹೊರಡೋವಾಗ ಕೈಸನ್ನೇಲೇ ತಂಗಿಗೆ ಕರಾರು ಹಾಕಿದಳು, ಬಾಯಲ್ಲಿ ನನಗೂ ತಾಕೀತು ಮಾಡಿದಳು. ಒಂದು ತಿಂಗಳು, ಯಾರೂ ಕರೀದೆ, ತಾನಾಗೇ ಕಸ ಹಾಕ್ಬೇಕು. ಒಂದು ದಿನ ತಪ್ಪಿದರೂ ಮನೆ ಖಾಲಿ ಮಾಡಿಸಿ ತನ್ನ ಜೊತೆ ಕರ್ಕೊಂಡು ಹೋಗ್ತಾಳೆ. ಆ ಮನೇಲಿ ಚಿನ್-ಮೇ ಕೈಗೆ ಚಾಕು ಕೊಡೋಕೂ ಹೆದರ್ತಾರಂತೆ. ಇನ್ನೂರು ಮುಳ್ಳು ತೆಗೆಯೋ ಕೈ ಸ್ವಾಮಿ ಅದು! ನನಗೆ ಮೈಯೆಲ್ಲ ಉರಿದುಹೋಯ್ತು.

ಚಿನ್-ಮೇ ಫೋನಿಗೆ ಒಂದು ಆಪ್ ಹಾಕ್ಕೊಂಡಳು, ಕಿವಿ ಕೇಳದವರಿಗೆ ಅಂತಲೇ ಮಾಡಿದ್ದು. ಬಾಗಿಲು ಬಡಿದರೆ, ಮಗು ಅತ್ತರೆ, ಅದು ಕೇಳಿಸಿಕೊಂಡು ಗಡಗಡ ನಡುಗುತ್ತೆ, ಏನು ಸದ್ದು ಅಂತ ಬರೆದು ತೋರಿಸುತ್ತೆ. ಗಾಡಿ ಹಾಡನ್ನ ಮೂರು ಸಂಜೆ ನಾನೇ ಅದಕ್ಕೆ ಕೇಳಿಸಿ ಕಲಿಸಿದೆ. ಮೊದಲ ವಾರ ಒಂದು ದಿನವೂ ತಪ್ಪಲಿಲ್ಲ.

ಎರಡನೇ ವಾರ ಕೋ ತಾತ ಎಲ್ಲಿಂದಲೋ ಒಂದು ಹಳೇ ಎಲೆಕ್ಟ್ರಿಕ್ ಪಿಯಾನೋ ಹೊತ್ತು ತಂದ. ಅವನಿಗೆ ಬರೋದು ಒಂದೇ ಹಾಡು. ಯಾವುದು ಅಂತೀರಿ? ಕಸದ ಗಾಡೀದು! ಕಿಟಕಿ ತೆಗೆದು, ಓಣಿ ಹಾರಿಹೋಗೋ ಹಾಗೆ, ದಿನಾ ಸಂಜೆ ಏಳು ಸಲ ಬಾರಿಸ್ತಿದ್ದ.

ಅವನು ಬಾರಿಸ್ತಾನೆ. ಇವಳ ಫೋನು ನಡುಗಿ 'ಕಸದ ಗಾಡಿ' ಅನ್ನುತ್ತೆ. ಇವಳು ಚೀಲ ಹಿಡಿದು ಇಳೀತಾಳೆ. ಇವಳು ಇಳಿದದ್ದು ಕಂಡು ಅವನು ಬಾರಿಸೋದು ಬಿಟ್ಟು, ತನ್ನ ಚೀಲ ಹಿಡಿದು ಓಡಿಬರ್ತಾನೆ. ಇಬ್ಬರೂ ತಲೆಬಾಗಿಸಿ ನಮಸ್ಕಾರ ಮಾಡ್ಕೊಂಡು, ಕಾದು ಕಾದು ಮೇಲೆ ಹೋಗ್ತಾರೆ. ಹೋದವನು ಮತ್ತೆ ಬಾರಿಸ್ತಾನೆ. ಗಾಡಿಗೇ ರಜೆ ಇರೋ ಬುಧವಾರ, ಭಾನುವಾರವೂ ಇದೇ ಕಥೆ. ಇನ್ನು ನಮ್ಮ ಓಣಿಯವರೋ, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ. ಇಬ್ಬರು ಚೀಲ ಹಿಡಿದು ನಿಂತದ್ದು ಕಂಡರೆ ಇಪ್ಪತ್ತು ಜನ ಇಳಿದು ಬರ್ತಿದ್ದರು.

ತಡೆಯೋಕಾಗದೆ ತಾತನ ಹತ್ತಿರ ಹೋಗಿ, ಆ ಹಾಡು ಬಿಟ್ಟು ಬೇರೆ ಏನಾದ್ರೂ ಕಲೀಬಾರದಾ ಅಂದೆ. ಆತ ನಗ್ತಾ, ಊಟ ಆಯ್ತಮ್ಮ ಅಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಇಲ್ಲಿ ಕಿನ್ನರಿ ಬಾರಿಸ್ತಿರೋದೇ ಕೋಣ ಅಂತ ಗೊಣಗಿಕೊಂಡು ಬಂದೆ.

ಚಿನ್-ಮೇಗೆ ಕಾಗದದಲ್ಲಿ ಬರೆದು ಕೇಳಿದೆ: ಅದು ಪಿಯಾನೋ ಕಣೇ, ಎಂಟು ಸಲವೂ ಯಾಕೆ ಇಳೀತೀಯ? ಅವಳು ಕೆಳಗೆ ಬರೆದಳು: "ಎಂಟರಲ್ಲಿ ಒಂದು ನಿಜ. ಯಾವುದು ಅಂತ ನಿನಗೆ ಗೊತ್ತು, ನನಗೆ ಗೊತ್ತಿಲ್ಲ." ಹೇಳೋಣ ಅಂದ್ರೆ ಅಕ್ಕನ ಕರಾರು, ಕಾಗದ ಮಡಚಿ ಇಟ್ಕೊಂಡೆ.

ಮೂವತ್ತನೇ ದಿನ ಅಕ್ಕ ಬಂದಳು. ಸಾಮಾನು ತುಂಬೋಕೆ ಒಂಬತ್ತು ಖಾಲಿ ರಟ್ಟಿನ ಪೆಟ್ಟಿಗೆ ತಂದು ನನ್ನ ಅಂಗಡಿ ಮುಂದೆ ಪೇರಿಸಿದಳು. ಪರೀಕ್ಷೆಗೆ ಮುಂಚೆಯೇ ಫೇಲು ಮಾಡೋ ಮೇಷ್ಟ್ರು! ಸಂಜೆ ತಾತ ಬಾರಿಸಿದ, ಫೋನು ನಡುಗಿತು, ಚಿನ್-ಮೇ ಇಳಿದಳು, ತಾತ ಇಳಿದ, ಓಣಿ ಇಳೀತು. ಅಕ್ಕ ತಂಗಿಯ ರಟ್ಟೆ ಹಿಡಿದು, ಸನ್ನೆ ಮಾಡೋದೂ ಮರೆತು ಬಾಯಲ್ಲೇ ರೇಗಿದಳು. ಅದು ಪಿಯಾನೋ, ಗಾಡಿ ಎಲ್ಲಿದೆ, ಒಂದು ಫೋನು ನಿನ್ನನ್ನ ಕುಣಿಸ್ತಿದೆ ಅಂತ.

ಅವಳ ಬೆನ್ನ ಹಿಂದೆಯೇ ಗಾಡಿ ಬಂದು ನಿಂತಿತು. ಹಾಡಿಲ್ಲ, ಏನಿಲ್ಲ. ಆವತ್ತು ಗಾಡಿಯ ಸ್ಪೀಕರ್ ಕೆಟ್ಟಿತ್ತಂತೆ. ಚೆನ್ನಾಗಿ ಕಿವಿ ಕೇಳೋ ಪಕ್ಕದ ಎರಡು ಓಣಿಯವರು ಪೂರ್ತಿ ತಪ್ಪಿಸ್ಕೊಂಡಿದ್ದರು. ನಮ್ಮ ಓಣಿ ಮಾತ್ರ ಸಾಲಾಗಿ ನಿಂತು ಕಸ ಹಾಕಿತು.

ಅಕ್ಕ ಸೋಲಲಿಲ್ಲ. ಇವತ್ತೇನೋ ಅದೃಷ್ಟ, ನಾಳೆ ಏನು ಮಾಡ್ತೀಯ ಅಂತ ಪೆಟ್ಟಿಗೆ ಎತ್ತಿಕೊಂಡಳು. ಚಿನ್-ಮೇ ಮುಖ ಬಿಳಿಚಿಕೊಂಡಿತು. ಪೆಟ್ಟಿಗೆ ಕಂಡು ಕೋ ತಾತ ಮುಂದೆ ಬಂದ, ಓಣಿಗೆಲ್ಲ ಕೇಳೋ ಹಾಗೆ ದೊಡ್ಡ ದನೀಲಿ ಹೇಳಿದ.

"ಇವಳನ್ನ ಕರ್ಕೊಂಡು ಹೋಗ್ಬೇಡ ತಾಯಿ. ನನಗೂ ಕಿವಿ ಕೇಳಲ್ಲ. ಎರಡು ವರ್ಷ ಆಯ್ತು. ಗೊತ್ತಾದ್ರೆ ಮಗ ವೃದ್ಧಾಶ್ರಮಕ್ಕೆ ಹಾಕ್ತಾನೆ ಅಂತ ಯಾರಿಗೂ ಹೇಳ್ಲಿಲ್ಲ. ಇವಳು ಇಳಿಯೋದು ನೋಡಿಯೇ ನಾನು ಇಳಿಯೋದು. ಹಾಡು ಕಿವಿಗಂತೂ ಹೋಯ್ತು, ಬೆರಳಿಗಾದ್ರೂ ಇರ್ಲಿ ಅಂತ ಬಾರಿಸ್ತೀನಿ."

ಕೋಣ ಅಂದಿದ್ದೆನಲ್ಲ, ನಾಲಿಗೆ ಕಚ್ಚಿಕೊಂಡೆ. ಇವಳು ಅವನನ್ನ ನೋಡೋದು, ಅವನು ಇವಳನ್ನ ನೋಡೋದು, ಹೀಗೇ ಎರಡು ವರ್ಷ ದೂಡಿದ್ದರು. ಅಕ್ಕ ಎತ್ತಿದ್ದ ಪೆಟ್ಟಿಗೇನ ಕೆಳಗಿಟ್ಟಳು. ಆಮೇಲೆ ತಾತ ಹೇಳಿದ್ದನ್ನೆಲ್ಲ ಸನ್ನೇಲಿ ತಂಗಿಗೆ ಹೇಳಿದಳು. ಚಿನ್-ಮೇ ತಾತನ್ನ ನೋಡಿ ನಕ್ಕಳು, ಕಣ್ಣಲ್ಲಿ ನೀರು ಸುರೀತಿತ್ತು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಕಸದ ಗಾಡಿ ಬೆನ್ನಿಗೇ ಬರೋ ರದ್ದಿ ಗಾಡಿ ಬಂತು. ಅಕ್ಕ ಒಂದೊಂದೇ ಪೆಟ್ಟಿಗೇನ ಕಾಲಲ್ಲಿ ತುಳಿದು ಚಪ್ಪಟೆ ಮಾಡಿ, ಒಂಬತ್ತನ್ನೂ ಅದರ ಮುಂದೆ ತಂದಿಟ್ಟಳು. ಗಾಡಿಯವನು ಟೇಪು ಕೀಳದೆ ತಗೊಳ್ಳಲ್ಲ ಅಂತ ಬೈದ. ಚಿನ್-ಮೇ ಸೊಂಟದಿಂದ ತನ್ನ ಮುಳ್ಳು ತೆಗೆಯೋ ಚಾಕು ತೆಗೆದು, ಅಕ್ಕನ ಕಣ್ಣೆದುರೇ ಟೇಪನ್ನೆಲ್ಲ ಸರಸರ ಕೊಯ್ದಳು.