ಸೌಟಣ್ಣ ತಿನ್ನದ ಉಪ್ಪು

ನಮ್ಮ ಶಾಲೆಯ ವಿದ್ಯಾರ್ಥಿನಿಲಯದ ಅಡುಗೆಯವರನ್ನು ಮಕ್ಕಳು ಸೌಟಣ್ಣ ಎಂದು ಕರೆಯುತ್ತಿದ್ದರು. ನಿಲಯದ ಉಸ್ತುವಾರಿ ನನ್ನ ಮೇಲಿದ್ದ ವರ್ಷಗಳಲ್ಲಿ ನಾನೂ ಹಾಗೆಯೇ ಕರೆಯತೊಡಗಿದೆ. ದೊಡ್ಡ ಒಲೆಗಳ ಮುಂದೆ ನಿಂತು ನಿಂತು ಅವರ ಬೆನ್ನು ಬಾಗಿತ್ತು. ಅವರು ಕುಳಿತು ಉಂಡದ್ದನ್ನು ಕಂಡವರು ಕಡಿಮೆ.

ಒಂದು ಮಧ್ಯಾಹ್ನ ಅವರು ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಬಿಚ್ಚಿದಾಗ, ಪಾದ ಊದಿಕೊಂಡು ಪಟ್ಟಿಯ ಗುರುತು ಆಳವಾಗಿ ಮೂಡಿರುವುದು ಕಂಡಿತು. ಬಲವಂತವಾಗಿ ಆಸ್ಪತ್ರೆಗೆ ಕಳುಹಿಸಿದೆ. ರಕ್ತದೊತ್ತಡ ಎಷ್ಟೋ ವರ್ಷದಿಂದ ಏರಿಯೇ ಇದ್ದು ಹೃದಯ ಸೋತಿದೆ ಎಂದರು ಡಾಕ್ಟರಮ್ಮ. ಮಾತ್ರೆ ಕೊಟ್ಟು, ಸಿಗರೇಟು ಬಿಡಲು, ಉಪ್ಪನ್ನು ಬಹಳ ಕಡಿಮೆ ಮಾಡಲು ಹೇಳಿದರು.

ಸಿಗರೇಟನ್ನು ಸೌಟಣ್ಣ ಅಂದೇ ಬಿಟ್ಟರು. ಮನೆಯಲ್ಲಿ ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ಇಬ್ಬರಿಗೂ ಸಪ್ಪೆ ಅಡುಗೆಯನ್ನೇ ಮಾಡತೊಡಗಿದರು. "ಎರಡೆರಡು ಅಡುಗೆ ಮಾಡೋಕೆ ನನಗೇನು ನಾಲ್ಕು ಕೈಯಾ?" ಎನ್ನುತ್ತಿದ್ದರು.

ತಿಂಗಳುಗಳು ಕಳೆದರೂ ಊತ ಇಳಿಯಲಿಲ್ಲ. ದಿನಸಿ ಕೋಣೆಯ ಮೆಟ್ಟಿಲು ಹತ್ತುವಾಗ ನಡುವೆಯೇ ನಿಂತು ಏದುಸಿರು ಬಿಡುತ್ತಿದ್ದರು. ಡಾಕ್ಟರಮ್ಮ ಮುಖ ಗಂಟಿಕ್ಕಿ, "ಉಪ್ಪು ಇನ್ನೂ ಎಲ್ಲಿಂದಲೋ ಒಳಗೆ ಹೋಗ್ತಾ ಇದೆ. ಹೀಗೇ ಆದ್ರೆ ಒಲೆ ಮುಂದೆ ನಿಲ್ಲೋದನ್ನೇ ಬಿಡಬೇಕಾಗುತ್ತೆ" ಎಂದರಂತೆ.

ಮನೆಯಲ್ಲಿ ಅಕ್ಕ ಅವರನ್ನು ಹಿಡಿದು ಕೇಳಿದರು. "ಎಲ್ಲಿ ಕದ್ದು ತಿಂತೀರಿ, ಹೇಳಿಬಿಡಿ. ಬಯ್ಯಲ್ಲ."

"ನಿನ್ನಾಣೆ ಕಣೇ, ತಿಂದಿಲ್ಲ."

"ನನ್ನ ಮೇಲೆ ಆಣೆ ಇಟ್ಟು ನನ್ನನ್ನೇ ಮೊದಲು ಮೇಲಕ್ಕೆ ಕಳಿಸಬೇಡಿ."

ಇದನ್ನು ಸೌಟಣ್ಣನೇ ಬಂದು ನನಗೆ ಹೇಳಿದರು. "ಕಾಯಿಲೆ ಹಾಳಾಗಿ ಹೋಗ್ಲಿ ಮೇಷ್ಟ್ರೇ. ಈ ವಯಸ್ಸಲ್ಲಿ ಮನೇಲಿ ಕಳ್ಳ ಅನ್ನಿಸ್ಕೊಂಡೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಒಂದು ದಿನ ನಿಲಯದ ಅಡುಗೆಮನೆಗೇ ಬಂದು ಕುಳಿತು ನೋಡಿ ಎಂದು ಅಕ್ಕನಿಗೆ ಹೇಳಿಕಳುಹಿಸಿದೆ.

ಅಕ್ಕ ಬೆಳಗ್ಗೆಯೇ ಬಂದು ಅಕ್ಕಿಮೂಟೆಯ ಮೇಲೆ ಕುಳಿತರು. ನಾನು ಬಾಗಿಲಲ್ಲಿ ನಿಂತೆ. ಸೌಟಣ್ಣ ಬೇಳೆಗೆ ಉಪ್ಪು ಹಾಕಿ ಕದಡಿ, ಸೌಟಿನಿಂದ ಅಂಗೈಗೆ ಸುರಿದುಕೊಂಡು ಹೀರಿದರು. ಇನ್ನಷ್ಟು ಉಪ್ಪು ಹಾಕಿ ಮತ್ತೆ ಹೀರಿದರು. ತರಕಾರಿಯ ಹಂಡೆಗೆ ಹೋದರು, ಅಲ್ಲಿಯೂ ಹಾಗೆಯೇ. ತಿರುಗಿ ಬೇಳೆಗೆ ಬಂದರು.

"ಅದೇನ್ರೀ ಅದು?"

"ಯಾವುದು?"

"ಈಗ ಹೀರಿದ್ರಲ್ಲ."

"ರುಚಿ ನೋಡ್ದೆ. ಅದು ತಿನ್ನೋದಲ್ಲ ಕಣೇ."

"ಒಂದು ಬಟ್ಟಲಾದ್ರೂ ಆಯ್ತು ಇಷ್ಟೊತ್ತಿಗೆ! ಅದಕ್ಕೇ ನಾನು ಮಾಡಿದ್ದನ್ನ ಅರ್ಧ ಬಿಟ್ಟು ಏಳ್ತಿದ್ರಿ."

ಸೌಟಣ್ಣ ಒದ್ದೆ ಅಂಗೈಯನ್ನು ನೋಡಿಕೊಂಡರು. ಅವರು ಸುಳ್ಳು ಹೇಳಿರಲಿಲ್ಲ. ಅದನ್ನು ಊಟವೆಂದು ಅವರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಬಾಯಿಗೆ ಹಾಕಿ ಉಗಿದುಬಿಡಿ ಎಂದೆ. "ಮಕ್ಕಳು ಉಣ್ಣೋ ಅನ್ನದ ಮುಂದೆ ಉಗೀಲಾ?" ಎಂದರು.

ಮರುದಿನ ರುಚಿ ನೋಡದೆಯೇ ಅಡುಗೆ ಮಾಡಿದರು. ಬೇಳೆಗೆ ಎರಡು ಸಲ ಉಪ್ಪು ಬಿದ್ದು ತಟ್ಟೆಗಳು ತುಂಬಿದ್ದ ಹಾಗೆಯೇ ಹಿಂದಕ್ಕೆ ಬಂದವು. ಸೌಟಣ್ಣ ಗೋಡೆಗೊರಗಿ ಕುಳಿತುಬಿಟ್ಟರು. "ರುಚಿ ನೋಡದ ಅಡುಗೆಯವನು ಯಾತಕ್ಕೆ ಮೇಷ್ಟ್ರೇ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

"ನಾಲಿಗೆ ನಿಮಗೊಬ್ಬರಿಗೇ ಇರೋದಾ?" ಎಂದರು ಅಕ್ಕ. "ನಾಳೆಯಿಂದ ನಾನು ನೋಡ್ತೀನಿ."

ಬಂದರು. ಸೌಟಣ್ಣ ಅವರ ಅಂಗೈಗೆ ಬೇಳೆ ಸುರಿದರು. ಬಾಯಿಗಿಟ್ಟದ್ದೇ ತಡ ಅಕ್ಕ ಮುಖ ಕಿವುಚಿದರು. "ಅಯ್ಯೋ, ಬರೀ ಉಪ್ಪು!"

"ಹಾಕೋದರಲ್ಲಿ ಅರ್ಧವೂ ಹಾಕಿಲ್ಲ ಕಣೇ."

ನಾನೂ ನೋಡಿದೆ. ನನ್ನ ಬಾಯಿಗೆ ಅದು ಸಪ್ಪೆ. ಸಪ್ಪೆ ಉಂಡು ಉಂಡು ಅಕ್ಕನ ನಾಲಿಗೆಯೇ ಬದಲಾಗಿತ್ತು. ಸೌಟಣ್ಣ ಸೌಟನ್ನು ಹಿಡಿದಂತೆಯೇ ನಿಂತರು.

"ನಾನು ಮನೇಲಿ ಇಲ್ದಾಗಲೂ ನೀನು ಉಪ್ಪು ಹಾಕ್ಕೊಳ್ತಿರ್ಲಿಲ್ವಾ?"

"ಒಬ್ಬಳೇ ರುಚಿಯಾಗಿ ತಿಂದು ಏನ್ ಸಾಧಿಸ್ಬೇಕಿತ್ತು? ಒಲೆ ನೋಡಿ, ತಳ ಹಿಡೀತಿದೆ."

ಅಂದಿನಿಂದ ನಿಲಯದ ಅಡುಗೆ ಅಕ್ಕನ ನಾಲಿಗೆಯ ಅಳತೆಗೆ ಬಂತು. ಜಗಳವಾಡಿ ಒಂದು ಹಿಡಿ ಹೆಚ್ಚಿಗೆ ಹಾಕಿಸುತ್ತಿದ್ದೆ, ಅಷ್ಟೇ. "ಸೌಟಣ್ಣ, ಉಪ್ಪು ರಜೆ ಹಾಕಿದೆಯಾ?" ಎಂದು ಮಕ್ಕಳು ಕೆಲವು ವಾರ ಕಾಡಿದರು. ಆಮೇಲೆ ಯಾರೂ ಕೇಳಲಿಲ್ಲ.

ಊತ ನಿಧಾನವಾಗಿ ಇಳಿಯಿತು. ಹೃದಯವೇನೂ ಹೊಸದಾಗಲಿಲ್ಲ. ಸೋತದ್ದು ಸೋತಿದೆ, ಇನ್ನೂ ಸೋಲದಂತೆ ನೋಡಿಕೊಳ್ಳೋಣ ಎಂದರು ಡಾಕ್ಟರಮ್ಮ. ಒಲೆಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿದೆವು. ಸೌಟಣ್ಣ ಅದರ ಮೇಲೆ ಕುಳಿತು, ತಾವು ರುಚಿ ನೋಡದ ಅಡುಗೆಯನ್ನು ಇನ್ನೂ ಕೆಲವು ವರ್ಷ ಮಾಡಿದರು. ಹಂಡೆ ಕುದಿದಾಗಲೆಲ್ಲ ಸೌಟನ್ನು ಅಕ್ಕನ ಕಡೆ ಚಾಚುತ್ತಿದ್ದರು.

"ಹೇಗಿದೆ ಕಣೇ?"

"ತಿನ್ನಬಹುದು."

ಅಷ್ಟು ಕೇಳಿಸಿಕೊಂಡು ಒಲೆ ಆರಿಸುತ್ತಿದ್ದರು.